ಪಿತ್ತಗಂಧೆಯೂ ಪಥ್ಯದ ಪಟ್ಟಿಯೂ

ಪ್ಲೇಗು, ಕಾಲರಾ, ಕ್ಷಯ ಮೊದಲಾದ ಮಾರಿರೋಗಗಳ ವಿಷಯವಾಗಿ ಬರೆಯಲು ಕುಳಿತರೆ ಪತ್ರಿಕಾಕರ್ತರ ಲೇಖನಿಗೆ ತಾನಾಗಿಯೇ ಗಾಂಭೀರ್ಯವು ಬರುವುದು. ಓದುವವರೂ ಬೆನ್ನು ನೆಟ್ಟಗೆ ಮಾಡಿಕೊಂಡು ಓದುವರು. ಮೈಮೇಲೆ ಏಳುವ ಗಂಧೆಯ ವಿಷಯವಾಗಿ ಈ ಪುಟದ ಅಂಕಣಗಳನ್ನು ವೆಚ್ಚಮಾಡಹೊರಟರೆ ವಾಚಕ ಮಹಾಶಯರಲ್ಲಿ ಕೆಲವರಾದರೂ ಮುಗುಳುನಗುವರೆಂಬುದನ್ನು ನಾವು ಬಲ್ಲೆವು. ಕೊಲ್ಲದ ರೋಗಕ್ಕೆ ಲೋಕದಲ್ಲಿ ಮರ್ಯಾದೆಯಿಲ್ಲ. ಆದರೆ ಕೊಲ್ಲದೆಯೂ ಬಿಡದೆಯೂ ವರ್ಷಾನುಗಟ್ಟಲೆ ನಿದ್ದೆಗೆಡಿಸುವ ರೋಗವೊಂದು ನಮ್ಮ ನೆರೆಹೊರೆಯ ಮನೆಗಳಲ್ಲಿಯೇ ಇರುವಾಗ, ಅದನ್ನು ಅನುಭವಿಸುವವರು ರೋಗದಿಂದ ಮಾತ್ರವಲ್ಲದೆ ರೋಗದ ಹೆಸರಿನಲ್ಲಿ ನಡೆಯುವ ವೃಥಾ ಉಪವಾಸದಿಂದಲೂ ಬಳಲುತ್ತಿರುವಾಗ, ನಾವು ಸುಮ್ಮನಿರುವುದು ಯುಕ್ತವೆಂದು ತೋರಲಿಲ್ಲ.

ಪಿತ್ತಗಂಧೆ, ಗಾದರಿ, ದದ್ದು ಎಂದು ಸೀಮೆಗೊಂದು ಹೆಸರಿನಿಂದ ಕರೆಯಲ್ಪಡುವ ಈ ಉಪದ್ರವವು ಯಾರಿಗೂ ಅಪರಿಚಿತವಲ್ಲ. ಐವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವುದೆಂದು ವೈದ್ಯರು ಲೆಕ್ಕ ಹಾಕಿರುವರು. ಏನೋ ತಿಂದರು, ಏನೋ ಕಚ್ಚಿತು, ಯಾವುದೋ ಮಾತ್ರೆ ನುಂಗಿದರು, ಅಥವಾ ಮಕ್ಕಳಿಗೆ ನೆಗಡಿ ಜ್ವರ ಬಂದು ಹೋಯಿತು. ಮೈಯೆಲ್ಲಾ ಉಬ್ಬಿ ತುರಿಸಿತು. ಎರಡು ದಿನದಲ್ಲಿ ಇಳಿಯಿತು. ಕಾವಿಮಣ್ಣು ಹಚ್ಚಿ, ಕಂಬಳಿಯಿಂದ ಉಜ್ಜಿ, ಕರಾವಳಿಯವರಾದರೆ ಪುನರ್ಪುಳಿಯ ಸಾರನ್ನು ಕುಡಿಸಿ, ಅಜ್ಜಿಯರು ಮುಗಿಸುತ್ತಿದ್ದ ವಿಷಯವಿದು. ಇಂಥ ಒಪ್ಪತ್ತಿನ ಗಂಧೆಯ ಗೊಡವೆ ನಮಗಿಲ್ಲ. ಆರು ವಾರಗಳನ್ನು ಮೀರಿ, ದಿನವೂ ಅಥವಾ ಒಂದೆರಡು ದಿನ ಬಿಟ್ಟು ಮರಳಿ ಮರಳಿ ಏಳುವ ಗಂಧೆಯನ್ನು ವೈದ್ಯಶಾಸ್ತ್ರವು ದೀರ್ಘಕಾಲದ ಗಂಧೆಯೆಂದು ಬೇರೆಯಾಗಿ ಎಣಿಸಿದೆ. ಇದು ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಇರುವಂತಹುದು; ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಇಮ್ಮಡಿ; ಇಪ್ಪತ್ತರಿಂದ ನಾಲ್ವತ್ತರ ಒಳಗಿನ, ಅಂದರೆ ದುಡಿಯುವ ಮತ್ತು ಹೆತ್ತು ಸಾಕುವ ವಯಸ್ಸಿನಲ್ಲಿಯೇ ವಿಶೇಷ. ಒಮ್ಮೆ ಹಿಡಿದರೆ ಒಂದರಿಂದ ಐದು ವರ್ಷಗಳವರೆಗೆ ಇರುವುದು ಸಾಮಾನ್ಯ. ಕೆಲವರಲ್ಲಿ ಅದಕ್ಕೂ ಹೆಚ್ಚು. ನೂರರಲ್ಲಿ ಒಬ್ಬರೆಂದರೆ ಅಲ್ಪವೆಂದು ತೋರಬಹುದು. ಲಕ್ಷ ಜನರ ಪಟ್ಟಣದಲ್ಲಿ ಅದು ಸಾವಿರ ಮಂದಿ.

ಈ ರೋಗದ ಸ್ವಭಾವದಲ್ಲಿಯೇ ಒಂದು ವಂಚನೆಯುಂಟು. ಪ್ರತಿಯೊಂದು ಗಂಧೆಯೂ ಅರ್ಧ ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಗುರುತನ್ನೂ ಉಳಿಸದೆ ಮಾಯವಾಗುವುದು. ಅಷ್ಟರಲ್ಲಿ ಮತ್ತೊಂದೆಡೆ ಹೊಸದು ಎದ್ದಿರುವುದು. ಅದರ ಉಪದ್ರವ ಬಹುಮಂದಿಗೆ ಸಂಜೆಯಿಂದ ಮೇಲೆ, ರಾತ್ರಿಯಲ್ಲಿ. ಬೆಳಗಾಗುತ್ತಲೇ ಬಸ್ಸು ಹಿಡಿದು, ಸಾಲಿನಲ್ಲಿ ನಿಂತು, ಹನ್ನೊಂದು ಗಂಟೆಗೆ ವೈದ್ಯರ ಮುಂದೆ ಕುಳಿತಾಗ ಮೈ ಕನ್ನಡಿಯಂತೆ ನುಣುಪಾಗಿರುವುದು. ಸಾಕ್ಷಿಯೇ ಹಾಜರಾಗದ ಮೊಕದ್ದಮೆ ಇದು. ವಜಾ ಆಗುವುದರಲ್ಲಿ ಆಶ್ಚರ್ಯವೇನು? ಕಛೇರಿಯಲ್ಲಿ ರಜೆಯ ಅರ್ಜಿಗೆ "ತುರಿಕೆ" ಎಂದು ಕಾರಣ ಬರೆದರೆ ಮೇಲಧಿಕಾರಿಗಳು ನಗುವರು. ಮನೆಯಲ್ಲಿ ಸೊಸೆ ಹೇಳಿದರೆ ಕೆಲಸಗಳ್ಳತನವೆನ್ನುವರು. ಮೇಲಾಗಿ ಪಾಶ್ಚಾತ್ಯರ ಗ್ರಂಥಗಳಲ್ಲಿ ಬರೆದಿರುವ "ಕೆಂಪು" ನಮ್ಮ ಶ್ಯಾಮಲವರ್ಣದ ಮೈಯಲ್ಲಿ ಸುಲಭವಾಗಿ ಕಾಣುವಂತಹುದಲ್ಲ. ಬೆಳಕನ್ನು ಓರೆಯಾಗಿ ಹಿಡಿದು ನೋಡಬೇಕು, ಬೆರಳಿನಿಂದ ಸವರಬೇಕು. ಅವಸರದ ಕಣ್ಣಿಗೆ ಅದು ಇಲ್ಲವೇ ಇಲ್ಲ.

ಸಾಕ್ಷಿ ಇಲ್ಲದೆ ಹೋದ ಮೇಲೆ ಆರೋಪವು ಯಾರ ಮೇಲೆ? ಅಡಿಗೆಯ ಮನೆಯ ಮೇಲೆ. ನಂಜು ಎಂಬ ಮಾತು ನಮ್ಮ ಸಂಸಾರಗಳಲ್ಲಿ ಎಷ್ಟು ಪ್ರಬಲವೆಂಬುದನ್ನು ಹೇಳಬೇಕಾದುದಿಲ್ಲ. ಮೊದಲು ಬದನೆಕಾಯಿ ಹೋಗುವುದು. ಅನಂತರ ನುಗ್ಗೆ, ಕಡಲೆಬೇಳೆ, ಶೇಂಗಾ. ಬಳಿಕ ಹುಣಿಸೇಹಣ್ಣು, ಮೊಸರು. ಮಾಂಸಾಹಾರಿಗಳಾದರೆ ಮೀನು, ಮೊಟ್ಟೆ. ಒಂದೊಂದನ್ನು ಬಿಟ್ಟಾಗಲೂ ನಾಲ್ಕು ದಿನ ಗುಣವಾದಂತೆ ತೋರುವುದು; ಐದನೆಯ ದಿನ ಮತ್ತೆ ಗಂಧೆ; ಆಗ ಪಟ್ಟಿಗೆ ಮತ್ತೊಂದು ಹೆಸರು ಸೇರುವುದು. ನಮಗೆ ಪರಿಚಿತರಾದ ಒಬ್ಬ ಗುಮಾಸ್ತರು ಎರಡು ವರ್ಷಗಳ ಕಾಲ ಈ ಹಾದಿಯಲ್ಲಿ ನಡೆದು ಕಡೆಗೆ ಗಂಜಿ, ಹೆಸರುಬೇಳೆಯ ಕಟ್ಟು, ಉಪ್ಪು ಇಷ್ಟಕ್ಕೆ ಬಂದು ನಿಂತಿದ್ದರು. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದರು. ಅವರ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಮೈಮೇಲೆ ಜೋತಾಡುತ್ತಿತ್ತು. ಗಂಧೆ ಮಾತ್ರ ಬಿಟ್ಟಿರಲಿಲ್ಲ.

ಇದರಲ್ಲಿನ ತರ್ಕದೋಷವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಈ ರೋಗವು ತಾನಾಗಿಯೇ ಏರುವುದು, ತಾನಾಗಿಯೇ ಇಳಿಯುವುದು. ಏರಿದಾಗ ಮನುಷ್ಯನು ಪದಾರ್ಥವೊಂದನ್ನು ಬಿಡುವನು. ಏರಿದ್ದು ಹೇಗೂ ಇಳಿಯಬೇಕಾದುದೇ. ಇಳಿದುದರ ಕೀರ್ತಿಯು ಬಿಟ್ಟ ಪದಾರ್ಥಕ್ಕೆ ಸಲ್ಲುವುದು. ನಿಜವಾಗಿಯೂ ಆಹಾರದಿಂದ ಬರುವ ಗಂಧೆಯ ನಡತೆಯೇ ಬೇರೆ. ತಿಂದ ಕೆಲವು ನಿಮಿಷಗಳಿಂದ ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಅದು ಏಳಬೇಕು; ತಿಂದಾಗಲೆಲ್ಲಾ ಏಳಬೇಕು; ತಿನ್ನದೆ ಇದ್ದಾಗ ಏಳಬಾರದು. ಅಂಥವನಿಗೆ ವೈದ್ಯರು ಬೇಕಾದುದೇ ಇಲ್ಲ. ಎರಡನೆಯ ಸಲಕ್ಕೆ ಅವನೇ ಕಳ್ಳನನ್ನು ಹಿಡಿದಿರುವನು. ಆರು ತಿಂಗಳಿಂದ ದಿನವೂ, ಏನು ತಿಂದರೂ ತಿನ್ನದಿದ್ದರೂ ಏಳುತ್ತಿರುವ ಗಂಧೆಗೆ ಬದನೆಕಾಯಿಯನ್ನು ಹೊಣೆಮಾಡುವುದು ಅನ್ಯಾಯ. ದೀರ್ಘಕಾಲದ ಗಂಧೆಗೆ ನಿಜವಾದ ಆಹಾರದ ಅಲರ್ಜಿಯು ಕಾರಣವಾಗಿರುವುದು ಅತಿ ವಿರಳವೆಂದು ಚರ್ಮವೈದ್ಯರಲ್ಲಿ ಈಗ ಒಮ್ಮತವಿದೆ. ಹೀಗಿರುವಾಗ ಪಟ್ಟಣಗಳಲ್ಲಿ ನೂರಾರು ಆಹಾರಗಳಿಗೆ ಒಂದೇ ಹನಿ ರಕ್ತದಲ್ಲಿ ತೀರ್ಪು ಕೊಡುವೆವೆಂದು ಸಾವಿರಾರು ರೂಪಾಯಿ ಪಡೆಯುವ ಪರೀಕ್ಷೆಗಳು ಈ ರೋಗಿಗಳಿಗೆ ಮಾಡುವ ಉಪಕಾರವೇನೆಂಬುದು ನಮಗೆ ತಿಳಿಯದು. ಅಜ್ಜಿಯ ಪಟ್ಟಿಯಾದರೂ ಧರ್ಮಕ್ಕೆ ದೊರೆಯುತ್ತಿತ್ತು.

ಹಾಗಾದರೆ ಕಾರಣವನ್ನು ತಿಳಿಯುವ ಬಗೆ ಹೇಗೆ? ಗಂಧೆಯ ರೋಗಿಗಳನ್ನೇ ಪ್ರತ್ಯೇಕವಾಗಿ ನೋಡುವ ಚಿಕಿತ್ಸಾಲಯಗಳು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇರುತ್ತವೆ. ಅವುಗಳ ದಫ್ತರಗಳಲ್ಲಿ ಈ ರೋಗದ ಮುಖಲಕ್ಷಣವು ಮೊದಲ ಬಾರಿಗೆ ಸ್ಪಷ್ಟವಾಗಿ ಮೂಡಿತು. ಕೇಂಬ್ರಿಜ್ಜಿನ ಚಾಂಪಿಯನ್ ಎಂಬ ಚರ್ಮವೈದ್ಯರೂ ಅವರ ಸಹೋದ್ಯೋಗಿಗಳೂ 1969ರಲ್ಲಿ 554 ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 40 ಮಂದಿಗೆ ಗಂಧೆ ಮಾತ್ರ. ಶೇಕಡಾ 11 ಮಂದಿಗೆ ಗಂಧೆಯಿಲ್ಲದೆ ತುಟಿ, ಕಣ್ಣುರೆಪ್ಪೆ, ನಾಲಗೆ ಮೊದಲಾದವು ಊದಿಕೊಳ್ಳುವ ಬಾವು ಮಾತ್ರ. ಮಿಕ್ಕ ಶೇಕಡಾ 49 ಮಂದಿಗೆ ಎರಡೂ ಇದ್ದವು. ನೂರರಲ್ಲಿ 79 ಮಂದಿಯಲ್ಲಿ ಹೊರಗಿನ ಕಾರಣವು ಯಾವುದೂ ಸಿಕ್ಕಲಿಲ್ಲ. ಹೊಟ್ಟೆಪಾಡಿಗಾಗಿ ರೋಗಿಯ ಅಡಿಗೆಮನೆಯನ್ನು ಜಾಲಾಡುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಇಂಥ ಚಿಕಿತ್ಸಾಲಯದಲ್ಲಿ ನಡೆಯುವ ಮುಖ್ಯ ಕಾರ್ಯವೆಂದರೆ ಪ್ರಶ್ನೆ ಕೇಳುವುದು. ಏನು ತಿಂದೆ ಎಂಬುದಲ್ಲ. ಗಂಧೆ ಎಷ್ಟು ಹೊತ್ತು ನಿಲ್ಲುತ್ತದೆ, ಮೈಯ ಯಾವ ಭಾಗದಲ್ಲಿ, ದಿನದ ಯಾವ ಹೊತ್ತಿನಲ್ಲಿ, ಎಷ್ಟು ಗಾತ್ರ, ಅದಕ್ಕೆ ಮುಂಚೆ ಮೈ ಏನು ಮಾಡುತ್ತಿತ್ತು? ಈ ಉತ್ತರಗಳಿಂದಲೇ ರೋಗವು ಹಲವು ಕವಲಾಗಿ ಒಡೆಯುವುದು. ಕೆಲವರ ಚರ್ಮದ ಮೇಲೆ ಉಗುರಿನಿಂದ ಗೀರಿದರೆ ಐದಾರು ನಿಮಿಷದಲ್ಲಿ ಗೀರು ಹಗ್ಗದಂತೆ ಉಬ್ಬುವುದು. ಹೆಸರನ್ನು ಬರೆದರೆ ಹೆಸರು ಮೂಡುವುದು. ಇಂಥವರು ಬಹಳ ಮಂದಿ. ದೆವ್ವದ ಕೈಬರಹವೆಂದು ಅಂಜಬೇಕಾದುದಿಲ್ಲ. ಮತ್ತೆ ಕೆಲವರಿಗೆ, ಹೆಚ್ಚಾಗಿ ಹುಡುಗರಿಗೆ, ಮೈ ಬಿಸಿಯಾಗಿ ಬೆವರುವ ಹೊತ್ತಿಗೆ ಸಾಸಿವೆಕಾಳಿನಷ್ಟು ಸಣ್ಣ ಗುಳ್ಳೆಗಳು ಎದೆ ತೋಳುಗಳಲ್ಲಿ ಸಾಲುಗಟ್ಟುವುವು. ಓಟ, ಬಿಸಿನೀರ ಸ್ನಾನ, ಖಾರದ ಊಟ, ಪರೀಕ್ಷೆಯ ಹೆದರಿಕೆ ಯಾವುದರಿಂದಲಾದರೂ ಸರಿ. ಒಂದು ಗಂಟೆಯೊಳಗೆ ಅಡಗುವುವು. ಇನ್ನು ಕೆಲವರಿಗೆ ತಣ್ಣೀರು, ತಣ್ಣನೆಯ ಗಾಳಿ. ಈ ಕೊನೆಯವರನ್ನು ಕುರಿತು ಒಂದು ಎಚ್ಚರಿಕೆ: ಅವರು ಕೆರೆಬಾವಿಗಳಲ್ಲಿ ಒಮ್ಮೆಗೇ ಧುಮುಕಿದರೆ ಮೈಯೆಲ್ಲಾ ಏಕಕಾಲದಲ್ಲಿ ಉಬ್ಬಿ, ರಕ್ತದ ಒತ್ತಡವು ಕುಸಿದು, ನೀರಿನಲ್ಲಿಯೇ ಮೂರ್ಛೆ ಹೋಗುವ ಅಪಾಯವಿದೆ.

ನಮ್ಮ ಗಮನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಕವಲು ಬೇರೊಂದು. ಲಂಡನ್ನಿನ ವೈದ್ಯರು 1993ರಲ್ಲಿ ದೀರ್ಘಕಾಲದ ಗಂಧೆಯ 135 ರೋಗಿಗಳನ್ನು ಪರೀಕ್ಷಿಸಿದಾಗ ಶೇಕಡಾ 37 ಮಂದಿಯಲ್ಲಿ, ಅಂದರೆ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ, ಒತ್ತಡದಿಂದ ತಡವಾಗಿ ಏಳುವ ಬಾವು ಕಂಡುಬಂದಿತು. ತಡವಾಗಿ ಎಂಬುದೇ ಇಲ್ಲಿನ ಗುಟ್ಟು. ಭಾರವು ಬಿದ್ದುದು ಬೆಳಿಗ್ಗೆ, ಬಾವು ಎದ್ದುದು ನಾಲ್ಕಾರು ಗಂಟೆಗಳ ಮೇಲೆ, ನೋವು ಮರುದಿನದವರೆಗೆ. ಕಾರ್ಯಕಾರಣಗಳ ನಡುವೆ ಮಧ್ಯಾಹ್ನದ ಊಟವೊಂದು ಬಂದು ಕುಳಿತಿರುವುದರಿಂದ ಆರೋಪವು ಊಟದ ಪಾಲಿಗೆ ಹೋಗುವುದು! ಮುದ್ರಣಾಲಯದಲ್ಲಿ ಪತ್ರಿಕೆಯ ಕಟ್ಟುಗಳನ್ನು ನಸುಕಿನಲ್ಲಿ ಹೆಗಲ ಮೇಲೆ ಹೊತ್ತು ಬಸ್ಸಿಗೆ ಏರಿಸುವ ಒಬ್ಬ ಆಳಿನ ಎಡಹೆಗಲು ಮಧ್ಯಾಹ್ನದ ಹೊತ್ತಿಗೆ ಹಲಗೆಯಂತೆ ಊದುತ್ತಿದ್ದುದನ್ನು ನಾವು ಕಂಡಿದ್ದೇವೆ. ಅವನು ಬಿಟ್ಟುಬಿಟ್ಟಿದ್ದುದು ಮೊಟ್ಟೆಯನ್ನು. ಸೀರೆಯೊಳಗಿನ ಲಂಗದ ಲಾಡಿಯ ಜಾಗ, ಉಡಿದಾರದ ಸುತ್ತು, ಬೆಲ್ಟಿನ ಅಂಚು, ಬಹುದೂರ ನಡೆದವರ ಅಂಗಾಲು, ಗುದ್ದಲಿ ಹಿಡಿದವರ ಅಂಗೈ, ಗಟ್ಟಿ ಬೆಂಚಿನ ಮೇಲೆ ಕುಳಿತವರ ಆಸನ: ಗಂಧೆಯು ಈ ಸ್ಥಳಗಳನ್ನು ಆರಿಸಿಕೊಂಡಿದ್ದರೆ ಆರು ಗಂಟೆಗಳ ಹಿಂದೆ ಆ ಸ್ಥಳವು ಏನನ್ನು ಹೊತ್ತಿತ್ತೆಂದು ಕೇಳಬೇಕು. ಕೂಲಿಯವನಿಗೂ ಒಕ್ಕಲಿಗನಿಗೂ ಈ ಜಾತಿಯ ಗಂಧೆಯೆಂದರೆ ತುರಿಕೆಯಲ್ಲ, ಕೂಲಿಯ ನಷ್ಟ.

ಇವೆಲ್ಲವೂ ಒಬ್ಬರಲ್ಲಿಯೇ ಒಂದಕ್ಕಿಂತ ಹೆಚ್ಚಾಗಿ ಬೆರೆತಿರುವುದುಂಟು. ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿಯೇ ಏಳುವ ಗಂಧೆಯವರು ಎಲ್ಲರಿಗಿಂತ ಹೆಚ್ಚು. ತಾನಾಗಿ ಎಂದರೆ ಕಾರಣವೇ ಇಲ್ಲವೆಂದು ಅರ್ಥವಲ್ಲ. ಕಾರಣವು ಹೊರಗಿಲ್ಲವೆಂದು ಅರ್ಥ. ಇದು ತಿಳಿದುಬಂದ ಕಥೆ ಉದ್ದವಾದುದು, ಸಂಕ್ಷೇಪವಾಗಿ ಹೇಳುವೆವು. ಪಾಲ್ ಎರ್ಲಿಕ್ ಎಂಬ ಜರ್ಮನ್ ಪಂಡಿತನು 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಒಡಲೊಳಗೆ ಕಾಳು ತುಂಬಿದ ಚೀಲಗಳಂತಿರುವ ಕೋಶಗಳನ್ನು ವರ್ಣಿಸಿ, ಅವು ತಿಂದು ಕೊಬ್ಬಿದವುಗಳೆಂದು ಭಾವಿಸಿ ಮಾಸ್ಟ್ ಕೋಶಗಳೆಂದು ಹೆಸರಿಟ್ಟನು. ಆ ಕಾಳುಗಳಲ್ಲಿ ಹಿಸ್ಟಮೀನ್ ಎಂಬ ದ್ರವ್ಯವಿರುವುದೂ, ಅದು ಹೊರಬಿದ್ದರೆ ಸೂಕ್ಷ್ಮ ರಕ್ತನಾಳಗಳು ಸೋರಿ ಚರ್ಮವು ಉಬ್ಬುವುದೂ ಮುಂದೆ ತಿಳಿದುಬಂದವು. ಹೆನ್ರಿ ಡೇಲ್ 1910ರಲ್ಲಿ ಹಿಸ್ಟಮೀನಿನ ಗುಣಗಳನ್ನೂ, ಥಾಮಸ್ ಲೂಯಿಸ್ 1927ರ ತನ್ನ ಗ್ರಂಥದಲ್ಲಿ ಗೀರಿದ ಚರ್ಮವು ಕೆಂಪಾಗಿ ಉಬ್ಬುವ ಕ್ರಮವನ್ನೂ ವಿವರಿಸಿದರು. ಉಳಿದ ಪ್ರಶ್ನೆಯೊಂದೇ: ಚೀಲದ ಬಾಯನ್ನು ಬಿಚ್ಚುವವರಾರು?

ಇದಕ್ಕೆ ಉತ್ತರವು ಚಿಕಿತ್ಸಾಲಯದಿಂದಲೇ ಬಂದಿತು. ರೋಗಿಯ ರಕ್ತದಿಂದ ತೆಗೆದ ತಿಳಿಯನ್ನು ಅದೇ ರೋಗಿಯ ಮುಂಗೈಯ ಚರ್ಮದಲ್ಲಿ ಒಂದು ಸಣ್ಣ ಹನಿ ಚುಚ್ಚಿದರೆ ಅನೇಕರಲ್ಲಿ ಅಲ್ಲಿಯೇ ಗಂಧೆ ಏಳುವುದೆಂದು ಇಂಗ್ಲೆಂಡಿನ ಗ್ರಾಟನ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ತೋರಿಸಿದರು. ಏಳು ವರ್ಷಗಳ ಮೇಲೆ, 1993ರಲ್ಲಿ, ಜಪಾನಿನಿಂದ ಲಂಡನ್ನಿಗೆ ಬಂದಿದ್ದ ಹಿಡೆ ಎಂಬವರು ಗ್ರೀವ್ಸ್ ಮೊದಲಾದವರೊಡನೆ ಕೂಡಿ ಆ ತಿಳಿಯಲ್ಲಿರುವ ಅಪರಾಧಿಯನ್ನು ಗುರುತಿಸಿದರು. ಹೊರಗಿನ ಶತ್ರುಗಳ ಮೇಲೆ ಪ್ರಯೋಗವಾಗಬೇಕಾದ ಪ್ರತಿಕಾಯಗಳು ತಪ್ಪು ದಾರಿ ಹಿಡಿದು ತನ್ನದೇ ಮಾಸ್ಟ್ ಕೋಶಗಳ ಬಾಗಿಲನ್ನು ತಟ್ಟುತ್ತಿದ್ದವು. ಎಲ್ಲ ರೋಗಿಗಳಲ್ಲಿಯೂ ಅಲ್ಲ, ಆದರೆ ಗಣನೀಯವಾದ ಒಂದು ಪಾಲಿನಲ್ಲಿ. ಕೆನಡಾದ ವೈದ್ಯರು 1983ರಲ್ಲಿಯೇ ಇಂಥ 140 ರೋಗಿಗಳಲ್ಲಿ 17 ಮಂದಿಯ ರಕ್ತದಲ್ಲಿ ತಮ್ಮದೇ ಥೈರಾಯಿಡ್ ಗ್ರಂಥಿಗೆ ವಿರೋಧವಾದ ಪ್ರತಿಕಾಯಗಳನ್ನು ಕಂಡಿದ್ದುದೂ ಇದಕ್ಕೆ ಹೊಂದಿಕೊಳ್ಳುವುದು. ತನ್ನ ಮನೆಯ ಕಾವಲುಗಾರನೇ ಕದ ಬಡಿಯುತ್ತಿರುವಾಗ ಗೃಹಸ್ಥನು ತರಕಾರಿ ಮಾರುವವಳನ್ನು ಬೈದು ಪ್ರಯೋಜನವೇನು?

ಇಲ್ಲಿ ನಮ್ಮ ಆಯುರ್ವೇದದ ಮಾತು ಬರುವುದು. ಪಂಡಿತರು ಮುನಿಯುವುದಕ್ಕೆ ಕಾರಣವಿಲ್ಲ. ಮಾಧವಕರನ ನಿದಾನಗ್ರಂಥದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂದು ಈ ರೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಣಜ ಕಚ್ಚಿದಂತಹ ಬಾವು, ತುರಿಕೆ, ಚುಚ್ಚುವ ನೋವು, ಉರಿ ಎಂದು ಅವನು ಲಕ್ಷಣ ಹೇಳಿರುವನು. ನಡು ತಗ್ಗಾಗಿ ಅಂಚು ಎದ್ದ ಮಂಡಲಗಳನ್ನೂ, ಚಳಿಗಾಲದಲ್ಲಿ ಅವು ಹೆಚ್ಚುವುದನ್ನೂ ಗಮನಿಸಿರುವನು. ಬೆನ್ನುಬಿಡದೆ ಮರಳುವುದಕ್ಕೆ ಉತ್ಕೋಠವೆಂಬ ಹೆಸರೂ ಇದೆ. ಕಣ್ಣಾರೆ ನೋಡಿದವರ ಬರಹವಿದು. ಅವನು ಕಾರಣವಾಗಿ ಮೊಟ್ಟಮೊದಲು ಹೆಸರಿಸುವುದು ತಣ್ಣನೆಯ ಗಾಳಿಯ ಸೋಂಕನ್ನು ಎಂಬುದನ್ನು ವಾಚಕರು ಲಕ್ಷ್ಯಕ್ಕೆ ತರಬೇಕು. ಪಾಶ್ಚಾತ್ಯರಾದರೋ ತುರುಚಿಗಿಡದ ಲ್ಯಾಟಿನ್ ಹೆಸರಿನಿಂದ ಅರ್ಟಿಕೇರಿಯಾ ಎಂದು ಇದನ್ನು ಕರೆಯತೊಡಗಿದುದು 1769ರಲ್ಲಿ, ಸ್ಕಾಟ್‌ಲೆಂಡಿನ ಕಲೆನ್ ಎಂಬ ವೈದ್ಯನಿಂದ. ಲಕ್ಷಣವನ್ನು ನೋಡಿ ಬರೆಯುವುದರಲ್ಲಿ ನಮ್ಮವರು ಯಾರಿಗೂ ಹಿಂದಾಗಿರಲಿಲ್ಲ. ಆ ನೋಡುವ ಅಭ್ಯಾಸವು ತಪ್ಪಿ, ನಂಜಿನ ಪಟ್ಟಿಯೊಂದು ಮಾತ್ರ ಮನೆಮನೆಗಳಲ್ಲಿ ಉಳಿದುಕೊಂಡದ್ದು ದುಃಖದ ಸಂಗತಿ.

ಚಿಕಿತ್ಸೆಯ ವಿಷಯವಾಗಿ ನಾವು ವೈದ್ಯರಲ್ಲದವರು ಹೇಳಬಹುದಾದುದು ಕೊಂಚವೇ. ಹಿಸ್ಟಮೀನಿಗೆ ಅಡ್ಡ ನಿಲ್ಲುವ ಔಷಧದ ಬೀಜವನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಬೋವೆ ಮತ್ತು ಸ್ಟಾಬ್ ಎಂಬವರು 1937ರಲ್ಲಿ ಕಂಡುಹಿಡಿದರು. ಬೋವೆಯವರಿಗೆ 1957ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಹಳೆಯ ಮಾತ್ರೆಗಳು ನಿದ್ದೆ ತರಿಸುತ್ತಿದ್ದವು. ಈಗಿನ ಸೆಟಿರಿಜಿನ್, ಲೊರಾಟಡೀನ್, ಫೆಕ್ಸೊಫೆನಡೀನ್ ಮೊದಲಾದವುಗಳಲ್ಲಿ ಆ ದೋಷವು ಬಹುಮಟ್ಟಿಗೆ ಕಡಿಮೆ, ಬೆಲೆಯೂ ಅಗ್ಗ. ಆದರೆ ನಮ್ಮವರು ಅವನ್ನು ನುಂಗುವ ಕ್ರಮದಲ್ಲಿ ತಪ್ಪಿದೆ. ಗಂಧೆ ಎದ್ದ ಮೇಲೆ ಒಂದು ಮಾತ್ರೆ, ಇಳಿದ ಮೇಲೆ ಇಲ್ಲ. ಇದು ಮಳೆ ಸುರಿಯುತ್ತಿರುವಾಗ ಮಾಡಿಗೆ ಹೆಂಚು ಹೊದಿಸಿದಂತೆ. ಹಿಸ್ಟಮೀನ್ ಹೊರಬಿದ್ದು ಕೆಲಸ ಮುಗಿಸಿದ ಬಳಿಕ ಅಡ್ಡ ನಿಲ್ಲುವ ಔಷಧದಿಂದ ಸಿಗುವ ಫಲವು ಅರ್ಧಮರ್ಧವೇ. ಗಂಧೆ ಇರಲಿ ಇಲ್ಲದಿರಲಿ, ದಿನವೂ ತಪ್ಪದೆ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕೆಂಬುದು ತಜ್ಞರ ಮತ. ಒಂದರಿಂದ ಹತೋಟಿಗೆ ಬಾರದಿದ್ದರೆ ವೈದ್ಯರು ಪ್ರಮಾಣವನ್ನು ನಾಲ್ಮಡಿಯವರೆಗೆ ಏರಿಸುವುದುಂಟು. ವೈದ್ಯರು ಎಂಬ ಮಾತಿಗೆ ನಾವು ಒತ್ತು ಕೊಡುತ್ತೇವೆ. ವಾಚಕರು ತಾವೇ ಏರಿಸಿಕೊಳ್ಳಬಾರದು. ಇಷ್ಟಕ್ಕೂ ಬಗ್ಗದವರಿಗೆ ಒಮಾಲಿಜುಮಾಬ್ ಎಂಬ ಚುಚ್ಚುಮದ್ದು ನಾಲ್ಕು ವಾರಕ್ಕೊಮ್ಮೆ ಕೊಡುವಂತಹುದು. ಅಮೆರಿಕದಲ್ಲಿ 2014ರಲ್ಲಿ ಈ ರೋಗಕ್ಕೆ ಮಂಜೂರಾಯಿತು. ಎಷ್ಟೋ ಮಂದಿಗೆ ವರ್ಷಗಳ ಬಳಿಕ ಮೊದಲ ನಿದ್ದೆಯನ್ನು ಅದು ತಂದುಕೊಟ್ಟಿದೆ. ಆದರೆ ಅದರ ಬೆಲೆಯು ಸಾಧಾರಣ ಸಂಸಾರಸ್ಥನ ಕೈಗೆ ಎಟುಕುವಂತಹುದಲ್ಲ.

ಸ್ಟೀರಾಯಿಡ್ ಮಾತ್ರೆಗಳ ವಿಷಯವಾಗಿ ಖಂಡಿತವಾಗಿ ಹೇಳಬೇಕಾಗಿದೆ. ಅವು ಗಂಧೆಯನ್ನು ಒಂದೇ ದಿನದಲ್ಲಿ ಅಡಗಿಸುವುವು, ಅದರಿಂದಲೇ ಅಪಾಯ. ಗಂಧೆ ಅಸಾಧ್ಯವಾಗಿ ಉಲ್ಬಣಿಸಿದಾಗ ನಾಲ್ಕಾರು ದಿನ ವೈದ್ಯರು ಕೊಡುವುದು ಬೇರೆ. ಚೀಟಿಯಿಲ್ಲದೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿ, ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗಿ, ಬಿಟ್ಟೊಡನೆ ಗಂಧೆಯು ಇಮ್ಮಡಿಯಾಗಿ ಮರಳುವುದನ್ನು ಕಾಣುವುದು ಬೇರೆ. ಅಂತೆಯೇ ಮೈಕೈನೋವಿಗೆಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಈ ರೋಗಿಗಳಲ್ಲಿ ಅನೇಕರಿಗೆ ಗಂಧೆಯನ್ನು ಕೆರಳಿಸುವುವು. ಬದನೆಕಾಯಿಯನ್ನು ಬಿಟ್ಟವರು ನೋವಿನ ಮಾತ್ರೆಯನ್ನು ಬಿಟ್ಟಿರುವುದಿಲ್ಲ!

ಇಷ್ಟೆಲ್ಲ ಮಾತು ಒಂದು ತುರಿಕೆಗೇ ಎಂದು ಇನ್ನೂ ಕೇಳುವವರಿದ್ದರೆ ಅವರಿಗೆ ಒಂದು ಲೆಕ್ಕವನ್ನು ಒಪ್ಪಿಸುತ್ತೇವೆ. ಲಂಡನ್ನಿನಲ್ಲಿ 1863ರಲ್ಲಿ ಚರ್ಮರೋಗಗಳಿಗಾಗಿಯೇ ಸ್ಥಾಪಿತವಾದ ಸೇಂಟ್ ಜಾನ್ಸ್ ಆಸ್ಪತ್ರೆಯ ಪರಂಪರೆಯ ಸಂಸ್ಥೆಯಲ್ಲಿ, ದೀರ್ಘಕಾಲದ ಗಂಧೆಯ 142 ಮಂದಿ ರೋಗಿಗಳನ್ನು ಅವರ ನಿದ್ದೆ, ಶಕ್ತಿ, ಮನಸ್ಸು, ಜನರೊಡನೆ ಬೆರೆಯುವಿಕೆ ಇವುಗಳ ವಿಷಯವಾಗಿ ವಿಚಾರಿಸಿ 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಹೋಲಿಕೆಗಾಗಿ ಆರಿಸಿಕೊಂಡವರು ಹೃದಯದ ರಕ್ತನಾಳಗಳು ಕಟ್ಟಿ ಶಸ್ತ್ರಚಿಕಿತ್ಸೆಗಾಗಿ ಕಾಯುತ್ತಿದ್ದವರು. ನಿಶ್ಶಕ್ತಿ, ಒಂಟಿತನ, ಮನಃಕ್ಲೇಶ ಇವುಗಳಲ್ಲಿ ಎರಡು ಗುಂಪಿನವರ ಅಂಕಗಳೂ ಒಂದನ್ನೊಂದು ಹೋಲುತ್ತಿದ್ದವು. ಹೃದ್ರೋಗಿಯ ಮನೆಗೆ ಬಂಧುಗಳು ಹಣ್ಣು ಹಿಡಿದು ಬರುವರು. ಗಂಧೆಯವನ ಮನೆಗೆ ಬರುವವರು ಹೊಸದೊಂದು ಪಥ್ಯವನ್ನು ಹಿಡಿದು ಬರುವರು.

ರೋಗಿಗಳಾದವರು ತಾವೇ ಮಾಡಬಹುದಾದ ಕೆಲಸವೊಂದಿದೆ; ಅದಕ್ಕೆ ಕಾಸು ಬೇಡ. ತಿಂದ ಪದಾರ್ಥಗಳನ್ನು ಬರೆಯುವ ಪುಸ್ತಕವನ್ನು ಮುಚ್ಚಿ, ಗಂಧೆಯ ದಿನಚರಿಯನ್ನು ತೆರೆಯಬೇಕು. ತಜ್ಞರು ಬಳಸುವ ಎಣಿಕೆ ಸುಲಭವಾದುದು. ದಿನವೊಂದರಲ್ಲಿ ಗಂಧೆ ಏಳದಿದ್ದರೆ ಸೊನ್ನೆ. ಇಪ್ಪತ್ತಕ್ಕಿಂತ ಕಡಿಮೆಯಾದರೆ 1. ಇಪ್ಪತ್ತರಿಂದ ಐವತ್ತಾದರೆ 2. ಐವತ್ತನ್ನು ಮೀರಿದರೆ 3. ತುರಿಕೆಗೂ ಹಾಗೆಯೇ ಸೊನ್ನೆಯಿಂದ 3ರವರೆಗೆ: ಇದ್ದೂ ತೊಂದರೆಯಿಲ್ಲದಿದ್ದರೆ 1, ತೊಂದರೆಯಾದರೂ ಕೆಲಸ ನಿದ್ದೆಗಳು ಕೆಡದಿದ್ದರೆ 2, ಕೆಟ್ಟರೆ 3. ಏಳು ದಿನ ಕೂಡಿದರೆ ಹೆಚ್ಚೆಂದರೆ 42. ಮೂವತ್ತರ ಮೇಲಿರುವ ಕೂಡಿಕೆಯನ್ನು ಕಾಗದದಲ್ಲಿ ಕಂಡ ವೈದ್ಯರು ನುಣುಪಾದ ಮೈಯನ್ನು ನೋಡಿ ಏನೂ ಇಲ್ಲವೆನ್ನಲಾರರು. ರಾತ್ರಿ ಎದ್ದ ಗಂಧೆಯ ಸುತ್ತ ಲೇಖನಿಯಿಂದ ಗೆರೆ ಎಳೆದು ಗಂಟೆಯನ್ನು ಬರೆದಿಟ್ಟುಕೊಳ್ಳುವುದೂ, ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಯುವುದೂ ಸಾಕ್ಷಿಯನ್ನು ಹಾಜರುಪಡಿಸುವ ಉಪಾಯಗಳೇ. ಈ ಗೆರೆಯಿಂದ ಮತ್ತೊಂದು ಉಪಕಾರವುಂಟು. ಗೆರೆಯೊಳಗಿನ ಗಂಧೆಯು ಎರಡು ದಿನವಾದರೂ ಕರಗದೆ, ತುರಿಕೆಗಿಂತ ಉರಿ ನೋವೇ ಹೆಚ್ಚಾಗಿದ್ದು, ಹೋದ ಮೇಲೆ ಕಂದಿದ ಕಲೆಯನ್ನು ಉಳಿಸಿದರೆ ಅದು ಸಾಮಾನ್ಯ ಗಂಧೆಯಲ್ಲದೆ ರಕ್ತನಾಳಗಳ ಉರಿಯೂತವಾಗಿರಬಹುದು. ಚರ್ಮದ ಒಂದು ಚೂರನ್ನು ತೆಗೆದು ಪರೀಕ್ಷಿಸಬೇಕಾಗುವುದು. ಗಂಧೆಯಿಲ್ಲದೆ ತುಟಿ ನಾಲಗೆಗಳು ಮಾತ್ರ ಊದುತ್ತಿದ್ದು, ರೋಗಿಯು ರಕ್ತದ ಒತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿದ್ದರೆ, ಆ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳತಕ್ಕದ್ದು. ಅಂಥ ಬಾವಿಗೆ ಗಂಧೆಯ ಮಾತ್ರೆಗಳು ನಾಟುವುದಿಲ್ಲ. ಉಸಿರು ಕಟ್ಟಿದರೆ, ಧ್ವನಿ ಒಡೆದರೆ, ಕಣ್ಣು ಕತ್ತಲಿಟ್ಟರೆ ದಿನಚರಿಯನ್ನು ಬದಿಗಿಟ್ಟು ತತ್‌ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು.

ಇನ್ನು ಸರಕಾರದವರಿಗೆ ನಮ್ಮ ಬಿನ್ನಹ. ಜಿಲ್ಲಾ ಆಸ್ಪತ್ರೆಗಳಲ್ಲಿ ಚರ್ಮವೈದ್ಯರು ಇರುವೆಡೆಯಲ್ಲಿ ವಾರಕ್ಕೆ ಅರ್ಧ ದಿನವನ್ನು ಈ ರೋಗಿಗಳಿಗೆಂದೇ ಗೊತ್ತುಪಡಿಸಬಾರದೇಕೆ? ಹೊಸ ಕಟ್ಟಡ, ದೊಡ್ಡ ಯಂತ್ರ ಯಾವುದೂ ಬೇಕಾಗಿಲ್ಲವೆಂಬುದು ಈ ಪ್ರಾರ್ಥನೆಯ ವಿಶೇಷ. ಗೀರಿ ನೋಡುವುದಕ್ಕೆ ಮೊಂಡಾದ ಒಂದು ಲೇಖನಿಯ ತುದಿ ಸಾಕು. ಹತ್ತು ನಿಮಿಷದಲ್ಲಿ ಉತ್ತರ. ತಣ್ಪಿನ ಪರೀಕ್ಷೆಗೆ ತೆಳುಚೀಲದಲ್ಲಿಟ್ಟ ಮಂಜುಗಡ್ಡೆಯ ಚೂರನ್ನು ಮುಂಗೈ ಮೇಲೆ ಐದು ನಿಮಿಷ ಇರಿಸಿ ತೆಗೆದು, ಹತ್ತು ನಿಮಿಷ ಬಿಟ್ಟು ನೋಡಿದರಾಯಿತು. ಬೆವರಿನ ಗಂಧೆಗೆ ಆಸ್ಪತ್ರೆಯ ಮೆಟ್ಟಿಲುಗಳೇ ಇವೆ. ಒತ್ತಡದ ಪರೀಕ್ಷೆಗೆ ಏಳು ಕಿಲೋ ತೂಕದ ಚೀಲವನ್ನು ಸಣ್ಣ ಪಟ್ಟಿಯಿಂದ ಹೆಗಲಿಗೆ ಹದಿನೈದು ನಿಮಿಷ ತೂಗುಹಾಕುವರು. ಈ ಕೊನೆಯದರ ಫಲವನ್ನು ಮಾತ್ರ ಆರು ಗಂಟೆಗಳ ಮೇಲೆ ಓದಬೇಕು. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದ ರೋಗಿಯು ಸಂಜೆಯವರೆಗೆ ಕಾಯಬೇಕಾಗುವುದರಿಂದ, ಪರೀಕ್ಷೆಯನ್ನು ಒಂಬತ್ತು ಗಂಟೆಗೇ ಆರಂಭಿಸಿ, ಮೂರು ಗಂಟೆಗೆ ಅದನ್ನು ನೋಡುವವರೊಬ್ಬರು ಹಾಜರಿರುವಂತೆಯೂ, ಅಲ್ಲಿಯವರೆಗೆ ನೆರಳಿನಲ್ಲಿ ಕುಳಿತುಕೊಳ್ಳಲು ಸ್ಥಳವೂ ಕುಡಿಯಲು ನೀರೂ ಇರುವಂತೆಯೂ ಏರ್ಪಾಡು ಮಾಡಿಸಬೇಕು.